ಹೋತಿನ ಹೋಟೆಲಿನ ಮೊದಲ ತುಂಡು

ಭಟ್ಟಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನಗೆ ಯಾರೂ ಕೆಲಸ ಹೇಳಿರಲಿಲ್ಲ. ಹಾಯಾಗಿದ್ದೆ. ಮೊನ್ನೆ ಸುನಂದಾ ಬೇಡಕಿಹಾಳಕ್ಕೆ ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಒಂದು ಕೆಲಸ ಹಚ್ಚಿಯೇ ಹೋದಳು. ಸುನಂದಾ ಎಂದರೆ ನಾನು ಜನ್ಮವಿಡೀ ದುಡಿದ ಹೋಟೆಲಿನ ಈಗಿನ ಒಡತಿ, ಹಳೆಯ ಧಣಿ ದತ್ತೂಮಾಮಾನ ಸೊಸೆ.

"ಕಾಕಾ, ಭಟ್ಟಿಗೆ ಹೊಸಾ ಮಂದಿ ಬಂದಾರ. ಹೋಟ್ಲ ಕೋರ್ಸ್ ಮಾಡ್ಯಾರಂತ. ಟೊಪಗಿ ಹಾಕ್ಕೊಂಡ ಚಂದ ನಿಂದರತಾರ, ಕೆಂಡಾ ಕಂಡಕೂಡ್ಲೆ ಹಿಂದ ಸರೀತಾರ. ಈ ಕೆಲಸಾ ಹೆಂಗಿರತೈತಿ ಅಂತ ನೀವ ಒಂದೀಟ ಬರದ ಕೊಡ್ರಿ."

"ಮಸಾಲಿ ಅಳತಿ ಬರೀಲೇನ ಯವ್ವಾ?"

"ಅದನ್ನ ಯಾರಿಗೂ ಕೊಡಬ್ಯಾಡ್ರಿ. ಉಳದದ್ದ ಬರೀರಿ."

ಆದ್ದರಿಂದ ಇದರಲ್ಲಿ ಮಸಾಲೆಯ ಅಳತೆ ಹುಡುಕಬೇಡಿ. ನನ್ನ ಪಗಾರ ಯಾವಾಗ ಹೆಚ್ಚಾಯಿತು, ನನ್ನನ್ನು 'ಹೆಡ್' ಎಂದು ಯಾವಾಗ ಕರೆದರು ಎಂಬುದನ್ನೂ ಹುಡುಕಬೇಡಿ, ಅದು ನನಗೇ ನೆನಪಿಲ್ಲ. ನೆನಪಿರುವುದು ಬೇರೆ ಸಂಗತಿಗಳು. ಅವುಗಳಲ್ಲಿ ದೊಡ್ಡದು ಯಾವುದೆಂದರೆ, ಒಂದು ವರ್ಷ ಈ ಹೋಟೆಲು ಒಂದೇ ಒಂದು ಚಾಪ್ಸಿನ ಸಲುವಾಗಿ ಕಾಯಂ ಮುಚ್ಚಿಹೋಗುವುದರಲ್ಲಿತ್ತು. ಹಾಗೆ ಮುಚ್ಚಿದ್ದರೆ ಇಂದು ಕೈ ಸುಟ್ಟುಕೊಳ್ಳಲು ನಿಮಗೆ ಭಟ್ಟಿಯೇ ಇರುತ್ತಿರಲಿಲ್ಲ. ಅಲ್ಲಿಗೆ ಬರುವ ಮೊದಲು ಉಳಿದದ್ದನ್ನು ಕೇಳಿ.

ನಿಪ್ಪಾಣಿಯ ಹೊರಗೆ, ಚಿಕ್ಕೋಡಿ ರಸ್ತೆಗೆ ನಮ್ಮ ಹೋಟೆಲು. ಶುರು ಮಾಡಿದವರು ದತ್ತೂಮಾಮಾನ ತಂದೆ. ತಂಬಾಕಿನ ಗೋದಾಮುಗಳ ಎದುರು ಒಂದು ಇದ್ದಿಲಿನ ಶೇಗಡಿ, ಅದರ ಮೇಲೊಂದು ಕಬ್ಬಿಣದ ಜಾಳಿಗೆ, ಅಷ್ಟೇ ಅವರ ಬಂಡವಾಳ. ತಂಬಾಕಿನ ಗಾಡಿ ಹೊಡೆದುಕೊಂಡು ಬಂದವರಿಗೆ ಆಡಿನ ಪಕ್ಕೆಲುಬಿನ ತುಂಡುಗಳನ್ನು ಕೆಂಡದ ಮೇಲೆ ಸುಟ್ಟು, ರೊಟ್ಟಿಯ ಮೇಲಿಟ್ಟು ಕೊಡುತ್ತಿದ್ದರಂತೆ. ಮಾಮಾನ ಕಾಲಕ್ಕೆ ಶೇಗಡಿ ಹೋಗಿ ಇಟ್ಟಿಗೆಯ ಭಟ್ಟಿ ಬಂತು, ಬೆಂಚು ಬಂದವು, ಅಥಣಿಯ ದ್ರಾಕ್ಷಿ ತೋಟದವರು, ಹಾರೂಗೇರಿಯ ಅಂಗಡಿಕಾರರು ಗಾಡಿ ಮಾಡಿಕೊಂಡು ಬರತೊಡಗಿದರು. ಪದಾರ್ಥ ಮಾತ್ರ ಅದೇ ಉಳಿಯಿತು. ಅಂಗೈ ಅಗಲದ ಚಾಪ್ಸ್, ಉಳ್ಳಾಗಡ್ಡಿ, ಲಿಂಬೆ, ಹಸಿಮೆಣಸಿನಕಾಯಿಯ ಖರ್ಡಾ ಚಟ್ನಿ, ರೊಟ್ಟಿ. ಪನೀರ್ ಐತೇನ್ರಿ ಎಂದು ಕೇಳಿದವರಿಗೆ ಮಾಮಾ ರಸ್ತೆಯ ಆಚೆ ಬದಿಯ ಡೇರಿ ತೋರಿಸುತ್ತಿದ್ದರು.

ಹೋಟೆಲಿಗೆ ಹೆಸರಿಲ್ಲ ಎಂದು ನೀವು ನೋಡಿದ್ದೀರಿ. ಮೊದಲು ಇತ್ತು. ಮಾಮಾ ಬೋರ್ಡನ್ನು ಒಂದು ಭಾಷೆಯಲ್ಲಿ ಬರೆಸಿದಾಗ ಒಂದು ಗುಂಪಿನವರು ಬಂದು ಡಾಂಬರು ಬಳಿದರು. ಇನ್ನೊಂದು ಭಾಷೆಯಲ್ಲಿ ಬರೆಸಿದರು, ಇನ್ನೊಂದು ಗುಂಪಿನವರು ಬಂದು ಬಳಿದರು. ಡಾಂಬರು ಬಳಿದ ಮೇಲೆ ಎರಡೂ ಗುಂಪಿನವರು ಒಳಗೆ ಬಂದು ಚಾಪ್ಸ್ ತಿಂದೇ ಹೋದರು ಎಂಬುದು ಬೇರೆ ಮಾತು. ಮೂರನೆಯ ಸಲ ಮಾಮಾ ಪೇಂಟರನನ್ನು ಕರೆಸಿ, ಅಕ್ಷರವೇ ಇಲ್ಲದೆ ಒಂದು ಕರೀ ಹೋತಿನ ಚಿತ್ರ ಬರೆಸಿದರು. ಗಡ್ಡ, ಕೋಡು, ಎಲ್ಲ ಇತ್ತು. ಮತ್ತೆ ಒಂದಿಬ್ಬರು ಬಂದರು, ಮೇಲೆ ನೋಡಿದರು, ಏನು ಬಳಿಯಬೇಕೆಂದು ತಿಳಿಯದೆ ನಿಂತರು.

"ಇದ ಯಾವ ಭಾಷಾದಾಗ ಐತ್ರಿ ಮಾಮಾ?"

"ಕೂಗಿಸಿ ಕೇಳ್ರಿ," ಎಂದರು ಮಾಮಾ.

ಅಂದಿನಿಂದ ಇದು ಹೋತಿನ ಹೋಟೆಲು.

ನನಗೆ ಕೆಲಸ ಕಲಿಸಿದವನು ಹುಸೇನ್ ಉಸ್ತಾದ. ಒಂದೇ ಮಾತಿನೊಳಗೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಕಲಸುತ್ತಿದ್ದ. ಬೈಯುವಾಗ ಮಾತ್ರ ಶುದ್ಧ ಕನ್ನಡ. ಅವನ ಹತ್ತಿರ ನಾನು ಇದ್ದಿಲು ಹೊರುವವನಾಗಿ ಸೇರಿದವನು. ಬಹಳ ದಿನ ಅವನು ನನಗೆ ಚಿಮಟಿಗೆ ಮುಟ್ಟಲು ಕೊಡಲಿಲ್ಲ. ಬರೀ ನೋಡಿಸಿದ. "ಬೆಂಕಿ ಕುಣ್ಯಾಕತ್ತಿದ್ರ ಮಟನ್ ಇಡಬ್ಯಾಡ ಲೇ ಯಶವಂತ್ಯಾ. ಬೆಂಕಿ ಮಲಗಲಿ. ಮ್ಯಾಲ ಬೂದಿ ಹೊದ್ದಕೊಳ್ಳಲಿ. ಆಮ್ಯಾಲ ಇಡು," ಎನ್ನುತ್ತಿದ್ದ. ನೀವು ಅವಸರದವರು. ಉರಿ ಕಂಡ ಕೂಡಲೇ ಚಾಪ್ಸ್ ಎಸೆಯುತ್ತೀರಿ, ಫೋಟೋ ಚೆನ್ನಾಗಿ ಬರುತ್ತದೆ ಎಂದು. ಫೋಟೋ ಚೆನ್ನಾಗಿಯೇ ಬರುತ್ತದೆ. ಚಾಪ್ಸ್ ಹೊರಗೆ ಕರಿ, ಒಳಗೆ ಹಸಿ ಆಗುತ್ತದೆ.

ಉಸ್ತಾದ ಊರಿಗೆ ಹೋಗಿದ್ದ ಒಂದು ಮಳೆಗಾಲದ ದಿನ ಇದ್ದಿಲೆಲ್ಲ ತೊಯ್ದು ಕೂತಿತ್ತು. ನಮಗೆ ಜಾಲಿಯ ಇದ್ದಿಲು ಬಿಟ್ಟು ಬೇರೆ ನಡೆಯದು. ಹೊಸದನ್ನು ತರಿಸಬೇಕು ಎಂದೆ. ಆದರೆ ಮಾಮಾನಿಗೆ ಹಿತ್ತಲಲ್ಲಿ ರಾಶಿ ಬಿದ್ದಿದ್ದ ತಂಬಾಕಿನ ಒಣಕಡ್ಡಿ ಕಂಡಿತು. "ಇಷ್ಟ ಪುಕ್ಕಟೆ ಬಿದ್ದೈತಿ, ಉರಿಯೂದಕ್ಕ ಏನ ಧಾಡಿ?" ಎಂದು ತಾವೇ ಲುಂಗಿ ಎತ್ತಿಕಟ್ಟಿ ಭಟ್ಟಿ ಹೊತ್ತಿಸಿದರು. ಧಣಿ ಹೊತ್ತಿಸಿದ ಬೆಂಕಿಗೆ ನಾನು ಏನೆಂದೇನು? ಸ್ವಲ್ಪ ಹೊತ್ತಿನಲ್ಲೇ ಹೋಟೆಲು ತುಂಬ ಕೆಮ್ಮು ಎದ್ದಿತು. ರಾಯಬಾಗದ ಕಡೆಯಿಂದ ಕನ್ಯೆ ನೋಡಿ ಬಂದಿದ್ದ ಒಂದು ದೊಡ್ಡ ಬಳಗವೇ ಕೂತಿತ್ತು. ಅದರಲ್ಲಿ ವರನಿಗೆ ಬಿಕ್ಕಳಿಕೆ ಹತ್ತಿತು, ವರನ ಸೋದರಮಾವ ತಲೆ ತಿರುಗುತ್ತದೆ ಎಂದು ಬೆಂಚಿನ ಮೇಲೆ ಅಡ್ಡಾದ. ಒಬ್ಬರ ಕಣ್ಣೂ ತೆರೆಯುವಂತಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ತಂಬಾಕಿನ ವ್ಯಾಪಾರಿ ಬಾಳೂ ಸಾವಕಾರರೊಬ್ಬರೇ ಆರಾಮಾಗಿ ತಿಂದು ಮುಗಿಸಿ ಕೈ ತೊಳೆದರು.

"ದತ್ತೂ, ಇಷ್ಟ ವರ್ಷಕ್ಕ ಇಂದ ಖರೇ ರುಚಿ ಬಂತ ನೋಡ. ದಿನಾ ಹಿಂಗ ಮಾಡ," ಎಂದು ಬೆನ್ನು ತಟ್ಟಿ ಹೋದರು.

ಉಸ್ತಾದ ಮರಳಿ ಬಂದ ಮೇಲೆ ಈ ಸುದ್ದಿ ಕೇಳಿ ಶುದ್ಧ ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದ. ಮಾಮಾ ಗಲ್ಲಾದ ಹಿಂದೆ ತಲೆ ತಗ್ಗಿಸಿ ಕೂತು ಕೇಳಿದರು.

ಆಮೇಲೆ ಬೀಸಣಿಗೆ ಹೋಗಿ ವಿದ್ಯುತ್ತಿನ ಬ್ಲೋವರ್ ಬಂತು. ತಂದವನು ಮಾಮಾನ ಮಗ, ಸುನಂದಾಳ ಗಂಡ ಪ್ರಕಾಶ. ಗಲ್ಲಾದ ಮೇಲೆ ಕೂರುವ ಇವನಿಗೆ ಯಂತ್ರಗಳೆಂದರೆ ಜೀವ. ಅದಕ್ಕೆ ಮೆಲ್ಲಗೆ, ಜೋರಾಗಿ ಎಂಬ ಎರಡು ಗುಂಡಿಗಳಿದ್ದವು. ಮೊದಲ ದಿನವೇ ಅವನು ಜೋರಿನ ಗುಂಡಿ ಒತ್ತಿದ. ಭಟ್ಟಿಯ ಬೂದಿಯಷ್ಟೂ ಎದ್ದು, ಆಗಷ್ಟೇ ಬಿಳಿ ಬಟ್ಟೆಯಲ್ಲಿ ಬಂದು ಕೂತಿದ್ದ ಒಬ್ಬ ಪುಢಾರಿಯ ಮೈಮೇಲೆ ಇಳಿಯಿತು. ಸುತ್ತಲಿದ್ದ ಚೇಲಾಗಳು ಏಳುವಷ್ಟರಲ್ಲಿ ಮಾಮಾ ಓಡಿಬಂದು ಕೈ ಜೋಡಿಸಿದರು. "ಸಾಹೇಬ್ರ, ಸಿಟ್ಟ ಆಗಬ್ಯಾಡ್ರಿ. ನಮ್ಮ ಭಟ್ಟಿ ಬೂದಿ ಮೈಮ್ಯಾಲ ಬಿದ್ದಾಂವ ಇಲೆಕ್ಷನ್ ಸೋತದ್ದ ಇಲ್ಲ." ಪುಢಾರಿ ಬೂದಿ ಒರೆಸಿಕೊಳ್ಳದೆಯೇ ಊಟ ಮಾಡಿದರು. ಸೋತರೋ ಗೆದ್ದರೋ ನಾನು ಹೇಳುವುದಿಲ್ಲ, ಮತ್ತೆ ಹೋಟೆಲಿಗಂತೂ ಬರಲಿಲ್ಲ.

ಇನ್ನು ಮೊದಲ ತುಂಡಿನ ಮಾತು. ಮಾಮಾನ ತಂದೆಯ ಕಾಲದಲ್ಲಿ ಯಾರೋ ಹೊಟ್ಟೆಕಿಚ್ಚಿನವರು, ಇಲ್ಲಿ ಸತ್ತ ಆಡಿನ ಮಾಂಸ ಸುಡುತ್ತಾರೆ ಎಂದು ಸುದ್ದಿ ಹಬ್ಬಿಸಿದರಂತೆ. ಮುದುಕರು ವಾದ ಮಾಡಲಿಲ್ಲ. ಮರುದಿನ ಶೇಗಡಿಯ ಮುಂದೆ ನಿಂತು, ಎಲ್ಲರ ಎದುರು ಮೊದಲ ತುಂಡನ್ನು ತಾವೇ ತಿಂದರು. ಅಂದಿನಿಂದ ಅದು ಪದ್ಧತಿಯಾಯಿತು. ಮನೆಯವರು ಎದುರಿಗೆ ನಿಂತು ತಿನ್ನದೆ ಒಂದು ತಟ್ಟೆಯೂ ಹೊರಗೆ ಹೋಗಬಾರದು. ಮಾಮಾ ಇದನ್ನು ದೇವರ ಪೂಜೆಯಷ್ಟೇ ಕಟ್ಟುನಿಟ್ಟಾಗಿ ನಡೆಸಿದರು. ಮಧ್ಯಾಹ್ನ ಬೆಂಚು ತುಂಬಿದ ಮೇಲೆ ನಾನು ಒಂದು ಚಾಪ್ಸ್ ತೆಗೆದು ಸ್ಟೀಲಿನ ತಟ್ಟೆಯಲ್ಲಿಟ್ಟು ಕೊಡಬೇಕು. ಮಾಮಾ ಗಲ್ಲಾ ಬಿಟ್ಟು ಬಂದು, ಎಲ್ಲರಿಗೂ ಕಾಣುವಂತೆ ನಿಂತು, ಎಲುಬು ಬೆಳ್ಳಗಾಗುವವರೆಗೆ ತಿಂದು, ಮೀಸೆ ಒರೆಸಿ, "ಚಲೋ ಐತಿ, ಬಿಡ್ರಿ," ಎನ್ನಬೇಕು. ಆಮೇಲೆ ಚಾಪ್ಸ್ ಹೊರಗೆ ಹೋಗಬೇಕು. ಒಂದು ಸಲ ತುಂಡು ಬಾಯಿಗೆ ಹಾಕಿ, ಉಗುಳಿ, "ಮುದಿ ಹೋತಾ ಐತಿ, ಎಲ್ಲಾರೂ ಮನೀಗಿ ಹೋಗ್ರಿ," ಎಂದು ಆ ದಿನದ ವ್ಯಾಪಾರವನ್ನೇ ನಿಲ್ಲಿಸಿದ್ದರು. ಮರುದಿನ ಎರಡು ಪಟ್ಟು ಜನ ಬಂದರು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ಮಾಮಾ ಮರಾಠರು. ನಾವು ಬೌದ್ಧರಾದ ದಲಿತರು, ನಮ್ಮ ಮನೆಗಳು ಬೇಡಕಿಹಾಳದ ಒಂದು ಅಂಚಿಗಿವೆ. ಭಟ್ಟಿಯ ಮುಂದೆ ನಾನು ನಿಂತದ್ದನ್ನು ನೋಡಿ ಕೆಲವು ಗಿರಾಕಿಗಳು ಮೆಲ್ಲಗೆ ಗಲ್ಲಾದ ಹತ್ತಿರ ಹೋಗಿ ಕೇಳುತ್ತಿದ್ದರು. "ಭಟ್ಟಿ ಮ್ಯಾಲ ನಿಂತಾನಲ್ರಿ, ಅವನ ಅಡ್ಡಹೆಸರ ಏನ್ರಿ?"

"ಯಾರದ ಕೇಳಾಕತ್ತೀರಿ, ಹೋತಿಂದೋ ಅವಂದೋ? ಹೋತಿಂದ ಕೇಳೂದ ಮರತೇನ್ರಿ," ಎನ್ನುತ್ತಿದ್ದರು ಮಾಮಾ.

ಸುತ್ತಲಿನವರು ನಗುತ್ತಿದ್ದರು, ಕೇಳಿದವನೂ ನಕ್ಕು ಸುಮ್ಮನಾಗುತ್ತಿದ್ದ. ನನಗೂ ನಗು ಬರುತ್ತಿತ್ತು. ಆದರೆ ಮಾಮಾ ಒಮ್ಮೆಯೂ ಆ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ ಎಂಬುದೂ ನನಗೆ ಕಾಣುತ್ತಿತ್ತು. ನಗಿಸಿ ಕಳಿಸುತ್ತಿದ್ದರು. ನಗು ಮುಗಿದ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಇದ್ದಿಲು ಒಡೆದು ತೀರಿಸಿಕೊಳ್ಳುತ್ತಿದ್ದೆ, ಅದಕ್ಕೇ ನಮ್ಮ ಇದ್ದಿಲು ಯಾವಾಗಲೂ ಸಣ್ಣಗೆ ಇರುತ್ತಿತ್ತು.

ಈಗ ಆ ವರ್ಷಕ್ಕೆ ಬರುತ್ತೇನೆ. ಸುನಂದಾಳ ತವರು ರಾಯಬಾಗದ ಕಡೆ. ಅವರು ಮಾಳಕರಿ ಮನೆತನದವರು, ಅಂದರೆ ಕೊರಳಲ್ಲಿ ತುಳಸಿಮಾಲೆ ಹಾಕಿ, ಪಂಢರಪುರಕ್ಕೆ ನಡೆದು ಹೋಗಿ, ಮಾಂಸ ಮುಟ್ಟದೆ ಬಾಳುವವರು. ಅಂಥ ಮನೆಯ ಹುಡುಗಿ ಮಟನ್ ಹೋಟೆಲಿಗೆ ಸೊಸೆಯಾಗಿ ಬಂದು, ಮೊದಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಾಡಿದಳು. ಬರಬರುತ್ತ ಸೆರಗು ಇಳಿಯಿತು. ಆಮೇಲೆ ಒಳಗಿನ ಕೋಣೆಯಿಂದಲೇ, "ಕಾಕಾ, ಇಂದಿನ ಧನಿಯಾ ಹಳೇದ ಐತಿ," ಎಂದು ಕೂಗುವಷ್ಟಾದಳು. ಮಾಮಿ ತೀರಿಕೊಂಡ ಮೇಲೆ ಮಸಾಲೆಯೆಲ್ಲ ಅವಳ ಕೈಯಲ್ಲೇ. ನಾಲಿಗೆಗೆ ಹಚ್ಚುತ್ತಿರಲಿಲ್ಲ, ಮೂಗಿನಿಂದಲೇ ಎಲ್ಲ.

ಆ ಆಷಾಢದಲ್ಲಿ ಅವಳ ತಂದೆ ಮಾಮಾನನ್ನು ಪಂಢರಪುರಕ್ಕೆ ಕರೆದರು. ಮಾಮಾ ಬೀಗರಿಗೆ ಜೊತೆಯಾಗಲೆಂದು ಹೊರಟರು. ದಾರಿಗೆ ಒಂದು ಡಬ್ಬಿ ಚಾಪ್ಸ್ ಕಟ್ಟಿಕೊಡು ಎಂದು ನನಗೆ ಹೇಳಿ, ಸುನಂದಾ ಕಣ್ಣು ಬಿಟ್ಟ ಮೇಲೆ ಸುಮ್ಮನಾದ ಮನುಷ್ಯ ಅವರು. ಏಕಾದಶಿ ಮುಗಿಸಿ ಮರಳಿ ಬಂದಾಗ ಕೊರಳಲ್ಲಿ ತುಳಸಿಮಾಲೆ ಇತ್ತು.

"ಇದೇನ್ರಿ ಮಾಮಾ?"

"ವಿಠೋಬಾನ ಮುಂದ ನಿಂತಿದ್ದೆ ಯಶವಂತಾ. ಅಂವಾ ಟೊಂಕದ ಮ್ಯಾಲ ಕೈ ಇಟ್ಟ ನಿಂತಾನ. 'ಇನ್ನೂ ಎಷ್ಟ ತಿಂತೀ ಲೇ ದತ್ತೂ?' ಅಂದಂಗಾತು. ಹೊರಗ ಬಂದ ಮಾಲಿ ತಗೊಂಡೆ. ಹಾಕ್ಕೊಂಡ ಬಿಟ್ಟೆ."

ಭಕ್ತಿಯ ಮಾತಿಗೆ ನಾವು ಎದುರಾಡಲಿಲ್ಲ. ಆದರೆ ಮರುದಿನ ಮಧ್ಯಾಹ್ನ ಬೆಂಚು ತುಂಬಿ, ನಾನು ತಟ್ಟೆ ಹಿಡಿದು ನಿಂತಾಗ ಮಾಮಾ ಕುರ್ಚಿ ಬಿಟ್ಟು ಏಳಲಿಲ್ಲ. ಆಗ ಎಲ್ಲರಿಗೂ ಸಮಸ್ಯೆ ಹೊಳೆಯಿತು. ಮೊದಲ ತುಂಡು ತಿನ್ನುವವರು ಯಾರು?

ನಮ್ಮಲ್ಲಿ ಕೈ ತೊಳೆಯುವ ಜಾಗದ ಹತ್ತಿರ ಒಂದು ಗೂಟವಿತ್ತು. ಮಾಲೆ ಹಾಕಿಯೂ ಬಾಯಿ ಕಟ್ಟಲಾಗದ ಕೆಲವರು ಮಾಲೆಯನ್ನು ಆ ಗೂಟಕ್ಕೆ ಹಾಕಿ, ಚಾಪ್ಸ್ ತಿಂದು, ಬಾಯಿ ಮುಕ್ಕಳಿಸಿ ಮತ್ತೆ ಹಾಕಿಕೊಂಡು ಹೋಗುತ್ತಿದ್ದರು. ಅಂಥವನೊಬ್ಬ ಮಾಮಾನಿಗೆ ಉಪಾಯ ಹೇಳಿದ. "ಒಂದ ಗಳಿಗಿ ಗೂಟಕ್ಕ ಹಾಕ್ರಿ ಮಾಮಾ. ತುಕಡಾ ತಿಂದ ತಿರುಗಿ ಹಾಕ್ಕೋರಿ."

"ಗೂಟಕ್ಕ ಹಾಕಾಕ ಇದೇನ ಟೊಪಗೀನ?" ಎಂದರು ಮಾಮಾ. ಉಪಾಯ ಹೇಳಿದವನ ಮಾಲೆ ಆಗಲೇ ಗೂಟದ ಮೇಲಿತ್ತು. ಅವನು ಎದ್ದುಹೋಗಿ ಅದನ್ನು ಜೇಬಿಗೆ ಹಾಕಿಕೊಂಡು ಬಂದು ಕೂತ.

ಪ್ರಕಾಶ ತಿನ್ನಲಿ ಎಂದರು. ಪ್ರಕಾಶ ಹುಟ್ಟಿದಾಗಿನಿಂದ ಇದೇ ಹೊಗೆಯಲ್ಲಿ ಬೆಳೆದವನು, ಮಟನ್ ಅವನ ಗಂಟಲಲ್ಲಿ ಇಳಿಯುವುದಿಲ್ಲ. ಗಲ್ಲಾದ ಕೆಳಗೆ ಶೇಂಗಾ ಚಟ್ನಿ, ರೊಟ್ಟಿ ಇಟ್ಟುಕೊಂಡು ತಿನ್ನುತ್ತಿದ್ದ. ಆದರೂ ತಂದೆಯ ಮಾತಿಗೆ ಎದ್ದು ಬಂದು ತುಂಡನ್ನು ಬಾಯಿಗಿಟ್ಟ, ಗಲ್ಲ ಉಬ್ಬಿಸಿಕೊಂಡೇ ಕೈ ಎತ್ತಿ 'ಚಲೋ ಐತಿ' ಎಂದು ಸನ್ನೆ ಮಾಡಿ, ಹಿತ್ತಲಿಗೆ ನಡೆದ. ಅವನ ಹಿಂದೆ ಓಣಿಯ ನಾಯಿಗಳೆಲ್ಲ ನಡೆದವು. ದಿನಾಲೂ ಹೀಗೇ ಆಗಿ, ಅವನು ಏಳುವ ಮೊದಲೇ ನಾಯಿಗಳು ಹಿತ್ತಲಲ್ಲಿ ಕಾಯತೊಡಗಿದ ಮೇಲೆ ಗಿರಾಕಿಗಳು ನಗತೊಡಗಿದರು. ಮಾಮಾ ಅವನನ್ನು ಬಿಡಿಸಿದರು.

ಆಮೇಲೆ ಜುಗೂಳದಿಂದ ಮಾಮಿಯ ತಮ್ಮನನ್ನು ಕರೆಸಿದರು. ಅವನಿಗೆ ತಿನ್ನುವುದರಲ್ಲಿ ಯಾವ ಅಡಚಣೆಯೂ ಇರಲಿಲ್ಲ. ಮೊದಲ ತುಂಡು ತಿಂದು ಕಣ್ಣು ಮುಚ್ಚಿ ನಿಂತ.

"ಹೆಂಗ ಐತಿ?" ಎಂದು ಕೇಳಿದರು ಮಾಮಾ.

"ಒಂದರಾಗ ತಿಳಿಯಂಗಿಲ್ಲ ಭಾವುಜಿ. ಇನ್ನೊಂದ ಕೊಡ್ರಿ."

ಇನ್ನೊಂದು ಕೊಟ್ಟೆ. ಅದೂ ತಿಳಿಯಲಿಲ್ಲ. ಜಾಳಿಗೆ ಖಾಲಿಯಾಗುವವರೆಗೂ ಅವನಿಗೆ ತಿಳಿಯಲೇ ಇಲ್ಲ. ಎರಡನೆಯ ದಿನ ತನ್ನ ಜೊತೆಗೆ ಜುಗೂಳದ ಇಬ್ಬರು ಸ್ನೇಹಿತರನ್ನೂ ತಿಳಿದುಕೊಳ್ಳಲು ಕರೆತಂದ. ಮಾಮಾ ಅವರನ್ನು ಬಸ್ಸಿಗೆ ಹತ್ತಿಸಿ ಬಂದರು.

ಕೊನೆಗೆ, ಆಷಾಢದ ಅಮಾವಾಸ್ಯೆಯ ಹಿಂದಿನ ದಿನ, ಸುನಂದಾ ತಾನೇ ತಿನ್ನುತ್ತೇನೆ ಎಂದಳು. ತುಂಡು ತುಟಿಯವರೆಗೆ ಬಂತು. ಅವಳ ಕಣ್ಣು ತುಂಬಿತು. ಮಾಮಾನೇ ಕೈ ಹಿಡಿದು ತಟ್ಟೆ ಕಸಿದುಕೊಂಡರು.

"ಬ್ಯಾಡವ್ವಾ. ನನ್ನ ಹೋಟ್ಲ ಉಳಸಾಕ ನಿನ್ನ ತವರಮನಿ ನೇಮಾ ಮುರೀಬ್ಯಾಡ. ನಾಳಿ ಗಟಾರಿ ಅಮಾಸಿ ಒಂದ ಹೆಂಗರ ನಡಸೂಣು. ಶ್ರಾವಣಕ್ಕ ಕೀಲಿ ಹಾಕೂಣು. ತಿರುಗಿ ತಗಿಯೂದ ಬ್ಯಾಡ."

"ನಂಗ ಈ ಹೋಟ್ಲ ಬೇಕ್ರಿ ಮಾಮಾ," ಎಂದಳು ಸುನಂದಾ. ಮಾವನ ಎದುರು ಅವಳು ಹಾಗೆ ಬೇಕು ಎಂದದ್ದು ಅದೇ ಮೊದಲು. "ಇದ ಒಂದ ಕೆಲಸಾ ನಂಗ ಬರತೈತಿ. ಕೀಲಿ ಹಾಕಿ ಒಳಗ ಕುಂತ ನಾ ಏನ ಮಾಡ್ಲಿ?"

"ಮನಿಯವರ ತಿನ್ನಲಾರದ್ದ ಮಂದಿಗಿ ನೀಡೂದಿಲ್ಲ. ನಮ್ಮಪ್ಪನ ಮಾತದು."

ನಾನು ಪಕ್ಕದಲ್ಲೇ ಚಿಮಟಿಗೆ ಹಿಡಿದು ನಿಂತಿದ್ದೆ. ಮನೆಯವರು, ಮನೆಯವರು ಎಂದು ಎಲ್ಲರೂ ನನ್ನ ತಲೆಯ ಮೇಲಿಂದಲೇ ಮಾತಾಡುತ್ತಿದ್ದರು. ಪ್ರಕಾಶನನ್ನು ಎತ್ತಿ ಆಡಿಸಿದವನು ನಾನು, ಮಾಮಿಯನ್ನು ದವಾಖಾನೆಗೆ ಹೊತ್ತುಕೊಂಡು ಓಡಿದವನು ನಾನು, ಆದರೂ ಯಾರ ಕಣ್ಣೂ ನನ್ನ ಕಡೆ ತಿರುಗಲಿಲ್ಲ. ಜುಗೂಳದ ಹೊಟ್ಟೆಬಾಕ ಮನೆಯವನು, ನಾನು ಮಾತ್ರ ಭಟ್ಟಿಯವನು. ಹೋಟೆಲು ಮುಚ್ಚಿದರೆ ಹೊಟ್ಟೆಗೆ ಏನು ಎಂಬ ಚಿಂತೆಗಿಂತ ಇದೇ ನನಗೆ ಹೆಚ್ಚು ಉರಿಯಿತು. ಇದ್ದಿಲು ಒಡೆಯಲು ಹೋದೆ.

ಗಟಾರಿ ಅಮಾವಾಸ್ಯೆ ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮರುದಿನದಿಂದ ಶ್ರಾವಣ, ತಿಂಗಳಿಡೀ ಬಾಯಿ ಕಟ್ಟಬೇಕು. ಆದ್ದರಿಂದ ತಿಂಗಳಿನದನ್ನೆಲ್ಲ ಅವತ್ತೇ ತಿನ್ನಬೇಕೆಂದು ಜನ ಹಟ ಹಿಡಿದು ಬರುತ್ತಾರೆ. ಆ ವರ್ಷವಂತೂ ಹೋತಿನ ಹೋಟೆಲು ಮುಚ್ಚುತ್ತದಂತೆ ಎಂಬ ಸುದ್ದಿಯೂ ಹಬ್ಬಿತ್ತು. ಕಾಗವಾಡದಿಂದ, ಅಥಣಿಯಿಂದ ಗಾಡಿಗಳು ಬಂದು ರಸ್ತೆ ತುಂಬಿತ್ತು. ಬೆಂಚು ಸಾಲದೆ ಜನ ಗೋಡೆಗೆ ಆತು ನಿಂತಿದ್ದರು. ಬಾಳೂ ಸಾವಕಾರರು ಎಲ್ಲರಿಗಿಂತ ಮೊದಲೇ ಬಂದು ತಮ್ಮ ಮೂಲೆ ಹಿಡಿದಿದ್ದರು. ಅವರಿಗೀಗ ವಯಸ್ಸಾಗಿತ್ತು, ಹಲ್ಲು ಹೊಸದಾಗಿ ಕಟ್ಟಿಸಿದ್ದರು, ಅವನ್ನು ಪರೀಕ್ಷೆ ಮಾಡಲೆಂದೇ ಬಂದಿದ್ದರು.

ಕೆಂಡ ಹದಕ್ಕೆ ಬಂದಿತ್ತು. ಮೊದಲ ಚಾಪ್ಸುಗಳು ಜಾಳಿಗೆಯ ಮೇಲೆ ಬೆಂದು ಜಿಡ್ಡು ಸುರಿಸುತ್ತಿದ್ದವು. ವಾಸನೆ ರಸ್ತೆ ದಾಟಿ ಹೋಗಿತ್ತು. ಆದರೆ ಒಂದು ತಟ್ಟೆಯೂ ಏಳಲಿಲ್ಲ. ಮಾಮಾ ಕುರ್ಚಿಯಲ್ಲಿ ಕೂತು ಮಾಲೆಯನ್ನು ಬೆರಳಿನಿಂದ ತಿರುವುತ್ತಿದ್ದರು. ಪ್ರಕಾಶ ಗಲ್ಲಾದಲ್ಲಿ ತಲೆ ತಗ್ಗಿಸಿದ್ದ. ಜನ ಗುಜುಗುಜು ಶುರು ಮಾಡಿದರು.

"ಏನ ಮುಹೂರ್ತಾ ನೋಡಾಕತ್ತೀರೇನ್ರಿ?" ಎಂದು ಯಾರೋ ಕೂಗಿದರು.

ಆಗ ಸುನಂದಾ ಮಸಾಲೆಯ ಕೋಣೆಯಿಂದ ಹೊರಗೆ ಬಂದಳು. ಅಷ್ಟು ಜನ ಗಂಡಸರ ನಡುವೆ ಅವಳು ಎಂದೂ ಬಂದವಳಲ್ಲ. ಸ್ಟೀಲಿನ ತಟ್ಟೆ ತಾನೇ ತೆಗೆದಳು, ನನ್ನ ಕೈಯಿಂದ ಚಿಮಟಿಗೆ ಇಸಿದುಕೊಂಡು ಜಾಳಿಗೆಯಿಂದ ಒಂದು ಚಾಪ್ಸ್ ಎತ್ತಿಟ್ಟಳು, ನನ್ನ ಮುಂದೆ ಹಿಡಿದಳು.

"ಕಾಕಾ, ನೀವ ತಿನ್ರಿ."

ಗುಜುಗುಜು ನಿಂತಿತು. ನಾನು ಮಾಮಾನ ಕಡೆ ನೋಡಿದೆ. ಅವರ ಬೆರಳು ಮಾಲೆಯ ಮೇಲೇ ಇತ್ತು. ಮಾತಾಡಿದವರು ಬಾಳೂ ಸಾವಕಾರರು.

"ಏ ಹುಡುಗಿ, ಮನಿಯವರ ತಿನ್ನಬೇಕಲ್ಲಾ? ಇಂವಾ ಮನಿಯವಾ ಹೆಂಗ ಆಗತಾನ? ಇಂವಾ ಯಾರ ಅಂತ ನಮಗ ಗೊತ್ತಿಲ್ಲೇನ? ಇವನ ಹಿಂದ ನಾವ ತಿನ್ನಬೇಕೇನ?"

ಅವರು ದೊಡ್ಡ ದನಿಯಲ್ಲೇನೂ ಹೇಳಲಿಲ್ಲ. ಇಷ್ಟು ವರ್ಷ ಗಲ್ಲಾದ ಹತ್ತಿರ ಪಿಸುಗುಟ್ಟಿದ ಮಾತು ಅವತ್ತು ನಡುಮನೆಗೆ ಬಂತು, ಅಷ್ಟೇ. ನನ್ನ ಕಿವಿ ಬಿಸಿಯಾದವು. ಟೊಂಕಕ್ಕೆ ಸುತ್ತಿದ್ದ ಅರಿವೆ ಬಿಚ್ಚಿ ಭಟ್ಟಿಯ ಕಟ್ಟೆಯ ಮೇಲೆ ಒಗೆದೆ.

"ನಂಗೂ ಬ್ಯಾಡ ಯವ್ವಾ. ಇವರ ಹೊಟ್ಟಿ ತುಂಬಸಾಕ ನಾ ಯಾಕ ಪರೀಕ್ಷಾ ಕೊಡ್ಲಿ? ಕೀಲಿ ಹಾಕ್ರಿ," ಎಂದು ಹೊರಟೆ.

"ನಿಂದರ್ಲೇ ಯಶವಂತಾ," ಎಂದರು ಮಾಮಾ.

ಕುರ್ಚಿಯಿಂದ ಎದ್ದು ಭಟ್ಟಿಯ ಮುಂದೆ, ದಿನಾಲೂ ತುಂಡು ತಿನ್ನುತ್ತಿದ್ದ ಅದೇ ಜಾಗಕ್ಕೆ ಬಂದು ನಿಂತರು. ಈಗಲೂ ಏನಾದರೂ ನಗೆಮಾತು ಹೇಳಿ ಸಾಗಹಾಕುತ್ತಾರೆ ಎಂದುಕೊಂಡೆ. ಹಾಗೇನಾದರೂ ಹೇಳಿದ್ದರೆ ನಾನು ಮತ್ತೆ ಆ ಹೋಟೆಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

"ಸಾವಕಾರ್ರ, ಇಂವಾ ದಿನಾ ನಂಗ ಮೊದಲನೇ ತುಕಡಾ ಕೊಡತಿದ್ದ. ನೀವೆಲ್ಲಾ ನೋಡೀರಿ. ನೀವ ನೋಡಲಾರದ್ದ ಒಂದ ಐತಿ. ಆ ತುಕಡಾದ್ದ ಒಂದ ಮೂಲಿ ದಿನಾ ಇರತಿರಲಿಲ್ಲ. ಎಲ್ಲಿ ಹೋಗತಿತ್ತು? ಬೆಂದೈತೋ ಇಲ್ಲೋ ಅಂತ ಇಂವಾ ಮೊದಲ ಮುರದ ಬಾಯಾಗ ಹಾಕ್ಕೊಂಡ ನೋಡತಿದ್ದ. ಆಮ್ಯಾಲ ಉಳದದ್ದ ನಂಗ ಕೊಡತಿದ್ದ. ಇಷ್ಟ ವರ್ಷಾ ಮೊದಲನೇ ತುಕಡಾ ತಿಂದಾಂವ ಇಂವಾ. ನಾ ತಿಂದದ್ದ ಇವನ ಎಂಜಲಾ. ಗೊತ್ತಿದ್ದ ತಿಂದೇನಿ, ಸಂತೋಷದಿಂದ ತಿಂದೇನಿ. ನೀವ ತಿಂದದ್ದ ಅದರ ಹಿಂದಿಂದ. ಇಂವಾ ಮನಿಯವ ಅಲ್ಲಂದ್ರ ಈ ಹೋಟ್ಲದಾಗ ಮನಿಯವರ ಯಾರೂ ಇಲ್ಲ."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮೂಲೆ ಮುರಿದು ನೋಡುವುದು ಉಸ್ತಾದ ಕಲಿಸಿದ ಪಾಠ, ಭಟ್ಟಿಯವನು ಅದನ್ನು ಮಾಡಲೇಬೇಕು. ಆದರೆ ಗಿರಾಕಿಗಳಿಗೆ ಕಾಣದಂತೆ ಬೆನ್ನು ತಿರುವಿ ಮಾಡುತ್ತಿದ್ದೆ, ಮಾಮಾನಿಗೂ ಕಂಡಿಲ್ಲ ಎಂದೇ ತಿಳಿದಿದ್ದೆ. ಕಂಡಿತ್ತು, ದಿನಾಲೂ ಕಂಡಿತ್ತು. ನನಗೆ ಅಳು ಬಂತು, ಹೊಗೆಯ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಬಾಗಿಲ ಹತ್ತಿರ ಕೂತಿದ್ದ ಇಬ್ಬರು ಎದ್ದು ಹೊರಗೆ ಹೋದರು. ನಿಂತಿದ್ದವರಲ್ಲಿ ಇಬ್ಬರು ಆ ಜಾಗದಲ್ಲಿ ಕೂತರು. ಉಳಿದವರೆಲ್ಲ ಸಾವಕಾರರ ಮುಖ ನೋಡತೊಡಗಿದರು. ಸಾವಕಾರರು ಮಾಮಾನನ್ನು ನೋಡಿದರು, ನನ್ನನ್ನು ನೋಡಿದರು, ಜಾಳಿಗೆಯ ಮೇಲಿನ ಚಾಪ್ಸುಗಳನ್ನು ನೋಡಿದರು. ತಾವು ಈ ಭಟ್ಟಿಯಲ್ಲಿ ಎಷ್ಟು ವರ್ಷದಿಂದ ತಿಂದಿದ್ದೇವೆಂದು ಯೋಚಿಸುತ್ತಿದ್ದರೋ, ನಾಳೆಯಿಂದ ಶ್ರಾವಣ ಎಂದು ಯೋಚಿಸುತ್ತಿದ್ದರೋ, ನನಗೆ ತಿಳಿಯದು. ಕೊನೆಗೆ ಅಂಗಿಯ ತೋಳು ಮೇಲೇರಿಸಿದರು.

"ಆಗೂದೆಲ್ಲಾ ಆಗಿಹೋಗೈತಿ ಅಂದಂಗಾತು. ಹಂಗಾರ ಇನ್ನ ತಡಾ ಯಾಕ? ತಿನ್ನಪಾ ಲಗೂನ."

ನಾನು ಅರಿವೆ ಮತ್ತೆ ಟೊಂಕಕ್ಕೆ ಸುತ್ತಿಕೊಂಡೆ. ಸುನಂದಾಳ ಕೈಯಿಂದ ತಟ್ಟೆ ತೆಗೆದುಕೊಂಡೆ. ಮಾಮಾ ಯಾವಾಗಲೂ ನಿಂತು ತಿನ್ನುತ್ತಿದ್ದರು. ನಾನು ಒಂದು ಸ್ಟೂಲ್ ಎಳೆದುಕೊಂಡು, ಎಲ್ಲರಿಗೂ ಮುಖ ಮಾಡಿ, ಕೂತೆ. ಲಿಂಬೆ ಬೇಕು ಎಂದೆ, ಪ್ರಕಾಶ ಗಲ್ಲಾ ಬಿಟ್ಟು ಎದ್ದು ತಂದುಕೊಟ್ಟ. ಉಳ್ಳಾಗಡ್ಡಿ ಬೇಕು ಎಂದೆ, ಸುನಂದಾ ಹೆಚ್ಚಿ ತಂದಳು. ಅವತ್ತು ಮೂಲೆ ಮುರಿಯಲಿಲ್ಲ, ನಡುವಿನಿಂದಲೇ ಕಚ್ಚಿದೆ, ನಿಧಾನವಾಗಿ ಅಗಿದೆ. ಹೋಟೆಲು ತುಂಬ ಜನ ನನ್ನ ದವಡೆಯನ್ನೇ ನೋಡುತ್ತ ಕೂತಿದ್ದರು. ಮಾಮಾ ಪಕ್ಕದಲ್ಲಿ ಟೊಂಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಹೆಂಗ ಐತೋ ಮಾರಾಯಾ? ಚಲೋ ಐತಿ ಅಂತ ಒಂದ ಮಾತ ಹೇಳಿ ಬಿಡಸಬಾರದೇನ? ಹೊಟ್ಟಿ ಭಾಳ ಹಸದೈತಿ," ಎಂದರು ಬಾಳೂ ಸಾವಕಾರರು.

"ತಡೀರಿ ಸಾವಕಾರ್ರ," ಎಂದೆ. "ಇನ್ನೂ ಎಲುಬ ಉಳದೈತಿ."